ಬಸ್ ಸ್ಟಾಪ್ ಸರಿಸಿದ ಠರಾವಿಗೆ ನಾನೂ ಕೈ ಎತ್ತಿದ್ದೆ

ಜಿಲ್ಲೆಯ ಸಾರಿಗೆ ಹೊಣೆ ಹೊತ್ತ ಅಧಿಕಾರಿಗಳಿಗೆ, ಬಸ್ ಓಡಿಸುವವರಿಗೆ, ಕೌನ್ಸಿಲ್‌ನಲ್ಲಿ ನನ್ನ ಪಕ್ಕ ಕೂರುವ ಸದಸ್ಯರಿಗೆ, ನನಗೆ ಓಟು ಹಾಕಿದ ಮತ್ತು ಹಾಕದ ನನ್ನ ಊರಿನ ಎಲ್ಲರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕೊಡಗಿನ ಒಂದು ಸಣ್ಣ ಪಟ್ಟಣದ ವಾರ್ಡ್ ಸದಸ್ಯೆ. ಊರಿನ ಹೆಸರು ಬರೆಯುತ್ತಿಲ್ಲ, ಯಾವ ಅಧಿಕಾರಿಯ ಹೆಸರನ್ನೂ ಬರೆಯುತ್ತಿಲ್ಲ. ಹೆದರಿಕೆಯಿಂದ ಅಲ್ಲ. ಒಬ್ಬರ ಹೆಸರು ಬರೆದರೆ ಜಗಳ ಆ ಒಬ್ಬರ ಸುತ್ತಲೇ ತಿರುಗುತ್ತದೆ, ವಿಷಯ ಅಲ್ಲೇ ಮುಗಿದುಹೋಗುತ್ತದೆ. ಈ ವಿಷಯದಲ್ಲಿ ಮೊದಲ ತಪ್ಪು ನನ್ನದೇ. ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಸಾಮಾನ್ಯ ಸಭೆಗೆ ಒಂದು ವಿಷಯ ಬಂತು. ಮುಖ್ಯ ಅಜೆಂಡಾದಲ್ಲಿ ಇರಲಿಲ್ಲ. ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಅಂತ ಇರುತ್ತದಲ್ಲ, ಅದರಲ್ಲಿ ಬಂತು. ಮಾರ್ಕೆಟ್ ಎದುರು ಬಸ್ ನಿಲ್ಲುವುದರಿಂದ ಶನಿವಾರ, ಭಾನುವಾರ ಟ್ರಾಫಿಕ್ ಜಾಮ್ ಆಗುತ್ತಿದೆ, ಆದ್ದರಿಂದ ಸ್ಟಾಪನ್ನು ಊರಿನ ಮೇಲಿನ ತುದಿಗೆ, ಮೈದಾನದ ಹತ್ತಿರಕ್ಕೆ ಸರಿಸುವುದು. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಎಲ್ಲರಿಗೂ ಹಸಿವು. ಯಾರೋ "ಒಳ್ಳೆಯದೇ ಅಲ್ವಾ" ಅಂದರು. ಕೈ ಎತ್ತಿದೆವು. ನಾನೂ ಎತ್ತಿದೆ. ಹತ್ತು ನಿಮಿಷವೂ ಆಗಲಿಲ್ಲ, ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಬರೆದಾಯಿತು.

ಆ ಸಭೆಯಲ್ಲಿ ಕೂತಿದ್ದ ನಮ್ಮಲ್ಲಿ ದಿನಾ ಬಸ್ ಹತ್ತುವವರು ಒಬ್ಬರೂ ಇರಲಿಲ್ಲ. ನನಗೆ ಸ್ಕೂಟರ್ ಇದೆ. ಉಳಿದವರಿಗೆ ಕಾರು, ಜೀಪು, ಬೈಕು. ಕಾರಿನ ಒಳಗಿಂದ ನೋಡಿದರೆ ನಿಂತ ಬಸ್ಸು ಅಡ್ಡವಾಗಿಯೇ ಕಾಣುತ್ತದೆ. ನಮಗೂ ಹಾಗೇ ಕಂಡಿತು.

ಜೂನ್ ಬಂತು. ಮಳೆ ಹಿಡಿಯಿತು. ಕೊಡಗಿನ ಮಳೆ ಏನು ಅಂತ ಇಲ್ಲಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಮಡಿಕೇರಿಯಲ್ಲೇ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಭಾಗಮಂಡಲದ ಕಡೆಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಒಂದು ಸಂಜೆ ಸ್ಕೂಟರ್ ಕೆಟ್ಟು ಗ್ಯಾರೇಜಿನಲ್ಲಿ ಬಿಟ್ಟು, ನಾನೇ ಆ ಹೊಸ ಸ್ಟಾಪಿಗೆ ನಡೆದುಕೊಂಡು ಹೋದೆ. ಮಾರ್ಕೆಟ್‌ನಿಂದ ಅಲ್ಲಿಗೆ ಪೂರ್ತಿ ಏರು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಸಾಲಾಗಿ ನಿಲ್ಲಿಸಿದ ಕಾರುಗಳು, ನಡೆಯುವವರು ನಡುರಸ್ತೆಯಲ್ಲೇ ಹೋಗಬೇಕು. ನನ್ನ ಮುಂದೆ ಒಬ್ಬರು ಅಜ್ಜಿ ಹೋಗುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ರೇಷನ್ ಅಕ್ಕಿಯ ಚೀಲ. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದರು. ಚೀಲ ನಾನು ಹಿಡಿದೆ. "ಮೊದಲು ಅಲ್ಲೇ ಕೆಳಗೆ ನಿಲ್ಲುತ್ತಿತ್ತು ಮಗಳೇ, ಯಾಕೋ ಮೇಲೆ ಮಾಡಿದ್ದಾರೆ" ಅಂದರು. ಯಾರು ಮಾಡಿದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಹೇಳುವ ಧೈರ್ಯ ಆಗಲಿಲ್ಲ. ಆವತ್ತು ಹೇಳದ್ದನ್ನು ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ. ಅಜ್ಜೀ, ಅದನ್ನು ಮಾಡಿದ್ದು ನಾವು.

ಆಮೇಲೆ ಹದಿನೈದು ದಿನ ನಾನು ಸ್ಕೂಟರ್ ಮನೆಯಲ್ಲೇ ಬಿಟ್ಟೆ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ನಾಲ್ಕರಿಂದ ಕೊನೆಯ ಬಸ್ಸಿನ ತನಕ ಒಮ್ಮೆ ಸ್ಟಾಪಿನಲ್ಲಿ ನಿಂತೆ. ಕೆಲವು ದಿನ ಬಸ್ ಹತ್ತಿ ಕೊನೆಯ ಸ್ಟೇಜ್‌ವರೆಗೂ ಹೋಗಿಬಂದೆ. ಇಷ್ಟು ವರ್ಷ ಈ ಊರಲ್ಲಿ ಇದ್ದು ನೋಡದ ಎಷ್ಟೋ ಸಂಗತಿಯನ್ನು ಆ ಹದಿನೈದು ದಿನದಲ್ಲಿ ನೋಡಿದೆ.

ಮೊದಲು ತಂಗುದಾಣ. ಹೊಸದು, ಸ್ಟೀಲಿನದು. ಮೇಲೆ ಬೋರ್ಡು ದೊಡ್ಡದಾಗಿದೆ. ಮಾಡು, ಅಂದರೆ ಚಾವಣಿ, ಸಣ್ಣದು, ಎತ್ತರದಲ್ಲಿದೆ, ಎರಡು ಬದಿಯಲ್ಲಿ ಏನೂ ಇಲ್ಲ. ನಮ್ಮಲ್ಲಿ ಮಳೆ ಮೇಲಿಂದ ಕೆಳಗೆ ಬೀಳುತ್ತದಾ? ಪಡುವಣ ಗಾಳಿಗೆ ಅದು ಅಡ್ಡ ಹೊಡೆಯುತ್ತದೆ. ಈ ತಂಗುದಾಣದ ಬಾಯಿ ಇರುವುದೇ ಪಡುವಣಕ್ಕೆ. ಅದರೊಳಗೆ ನಿಂತವರೂ ಒದ್ದೆ, ಹೊರಗೆ ನಿಂತವರೂ ಒದ್ದೆ. ಕೂರುವ ಸೀಟಿನ ಮೇಲೆ ನೀರು ನಿಂತಿರುತ್ತದೆ. ಲೈಟ್ ಇಲ್ಲ. ನಮ್ಮ ಹಳ್ಳಿ ರಸ್ತೆಗಳಲ್ಲಿ ಹಳೆಯ ತಂಗುದಾಣ ಇವೆಯಲ್ಲ, ಯಾರೋ ತೀರಿಕೊಂಡ ಹಿರಿಯರ ನೆನಪಿಗೆ ಮನೆಯವರು ಕಟ್ಟಿಸಿದ್ದು, ಮೂರು ಕಡೆ ಗೋಡೆ, ಮೇಲೆ ಹೆಂಚು, ಒಳಗೆ ಸಿಮೆಂಟಿನ ಕಟ್ಟೆ, ಅವು ಇವತ್ತಿಗೂ ಮಳೆ ತಡೆಯುತ್ತವೆ. ಕಟ್ಟಿಸಿದವರಿಗೆ ಇಲ್ಲಿನ ಗಾಳಿ ಯಾವ ಕಡೆಯದು ಅಂತ ಗೊತ್ತಿತ್ತು. ನಮ್ಮ ಡ್ರಾಯಿಂಗ್ ಎಲ್ಲಿಂದ ಬಂತೋ, ಬಯಲುಸೀಮೆಯ ಬಿಸಿಲಿಗೆ ಅದು ಸರಿ ಇರಬಹುದು.

ಎರಡನೆಯದು ಕಾಯುವುದು. ಯಾವ ಬಸ್ ಎಷ್ಟು ಗಂಟೆಗೆ ಅಂತ ಒಂದು ಬೋರ್ಡು ಇಲ್ಲ. ಗೊತ್ತಿರುವವರಿಗೆ ಗೊತ್ತು. ಬಾಯಿಮಾತಿನ ಟೈಮ್. "ನಾಲ್ಕೂವರೆಯದ್ದು ಇವತ್ತು ಇಲ್ಲವಂತೆ" ಅಂತ ಯಾರೋ ಹೇಳುತ್ತಾರೆ. ಯಾಕೆ ಇಲ್ಲ, ನಾಳೆ ಉಂಟಾ, ಹೇಳುವವರಿಲ್ಲ. ಬೆಂಗಳೂರಿನವರು ಆ್ಯಪ್ ನೋಡಿ ಅನ್ನುತ್ತಾರೆ. ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಹೋಗುತ್ತದೆ. ಆಷಾಢದಲ್ಲಿ ಒಂದು ಫೋನ್ ಮಾಡಬೇಕಾದರೆ ಗುಡ್ಡ ಹತ್ತುವ ಊರುಗಳು ಈಗಲೂ ಇವೆ. ನಮಗೆ ಬೇಕಿರುವುದು ಬಣ್ಣದಲ್ಲಿ ಬರೆದ ಒಂದು ತಗಡಿನ ಬೋರ್ಡು, ಅಷ್ಟೇ.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕಾಗಿ.

ಸಿದ್ದಾಪುರ ಕಡೆಯ ರೂಟಿನ ಒಬ್ಬಳು ಹುಡುಗಿ. ಡಿಗ್ರಿ ಎರಡನೇ ವರ್ಷ. ಅವಳ ಅಪ್ಪ ಅಮ್ಮ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಯಲ್ಲಿ ಇರುವವರು. ಮೊದಲು ಐದೂವರೆಗೆ ಒಂದು ಬಸ್ ಇತ್ತಂತೆ. ಅದು ಎಸ್ಟೇಟ್ ಗೇಟಿನವರೆಗೂ ಹೋಗುತ್ತಿತ್ತು. 2020ರಲ್ಲಿ ಕೊರೋನಾ ಲಾಕ್‌ಡೌನ್‌ಗೆ ನಿಂತ ಆ ಟ್ರಿಪ್ ಮತ್ತೆ ಶುರು ಆಗಲೇ ಇಲ್ಲ. ಈಗ ಇರುವುದು ಆರೂಕಾಲಿನದ್ದು, ಅದೂ ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಳಗೆ ಎರಡು ಕಿಲೋಮೀಟರ್ ಕಾಫಿ ತೋಟದ ನಡುವಿನ ದಾರಿ. ಒಂದು ದಿನ ನಾನೂ ಅವಳ ಜೊತೆ ಇಳಿದೆ. ಏಳು ಗಂಟೆ ಆಗಿತ್ತು. ಮಳೆಗಾಲದ ಏಳು ಗಂಟೆ ಅಂದರೆ ಕತ್ತಲೆ. ಇಳಿದವರು ಏಳೆಂಟು ಜನ, ಯಾರೂ ಕೂಡಲೇ ನಡೆಯಲು ಶುರು ಮಾಡಲಿಲ್ಲ. ಎಲ್ಲರೂ ಒಟ್ಟಾಗುವ ತನಕ ಕಾದರು. ಒಬ್ಬರ ಫೋನಿನಲ್ಲಿ ಮೆಸೇಜ್ ಬಂದಿತ್ತು, ಪಕ್ಕದ ತೋಟದಲ್ಲಿ ಆನೆ ಇದೆ ಅಂತ. ಒಬ್ಬರು ಹಿರಿಯರು ಮುಂದೆ ಟಾರ್ಚ್ ಹಿಡಿದರು. ಹೆಂಗಸರು ನಡುವಲ್ಲಿ. ಜೋರಾಗಿ ಮಾತಾಡುತ್ತಾ ನಡೆದರು. ಸುಮ್ನೆ ಮಾತಲ್ಲ ಅದು, ನಾವು ಬರುತ್ತಿದ್ದೇವೆ ಅಂತ ಆನೆಗೆ ಗೊತ್ತಾಗಲಿ ಅಂತ. ಹಲಸಿನ ಮರದ ಹತ್ತಿರ ಬಂದಾಗ ಎಲ್ಲರೂ ನಿಂತರು, ಮೂಸಿ ನೋಡಿದರು. ಹಲಸಿನ ಹಣ್ಣಿನ ಕಾಲದಲ್ಲಿ ಆನೆ ಅಲ್ಲಿಗೆ ಬಂದೇ ಬರುತ್ತದೆ.

ನನ್ನ ಕೈಕಾಲು ತಣ್ಣಗಾಗಿತ್ತು. ಆ ಹುಡುಗಿ ಮಾತ್ರ ಆರಾಮವಾಗಿ ಹೇಳಿದಳು, "ದಿನಾ ಇದ್ದದ್ದೇ ಮೇಡಂ. ಒಬ್ಬಳೇ ಇಳಿದ ದಿನ ಅಪ್ಪ ಬಂದು ನಿಂತಿರ್ತಾರೆ. ಅಪ್ಪನಿಗೆ ಹುಷಾರಿಲ್ಲದಿದ್ದರೆ ನಾನು ಕಾಲೇಜಿಗೇ ಹೋಗಲ್ಲ." ಕೊಡಗಿನ ತೋಟಗಳಲ್ಲಿ ಆನೆ ತುಳಿದು ಕಾರ್ಮಿಕರು ಸಾಯುತ್ತಿರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಸತ್ತಾಗ ನಾವು ಹೋಗುತ್ತೇವೆ, ರಸ್ತೆ ತಡೆ ಮಾಡುತ್ತೇವೆ, ಪರಿಹಾರ ಕೇಳುತ್ತೇವೆ, ಕಂದಕ ಬೇಕು, ರೈಲು ಹಳಿಯ ಬೇಲಿ ಬೇಕು ಅನ್ನುತ್ತೇವೆ. ಎಲ್ಲ ಬೇಕು ನಿಜ. ಆದರೆ ಐದೂವರೆಯ ಬಸ್ ವಾಪಸ್ ಬಂದರೆ, ಅದು ಎಸ್ಟೇಟ್ ಗೇಟಿನವರೆಗೂ ಹೋದರೆ, ಆ ಏಳೆಂಟು ಜನ ಬೆಳಕು ಇರುವಾಗಲೇ ಮನೆ ಸೇರುತ್ತಾರೆ. ಬಸ್ಸಿನ ಟೈಮ್ ಕೂಡ ಆನೆಯ ವಿಷಯವೇ ಅಂತ ನಾವು ಯಾವ ಸಭೆಯಲ್ಲೂ ಮಾತಾಡಿಲ್ಲ. ಆನೆ ಅರಣ್ಯ ಇಲಾಖೆಯ ಫೈಲಿನಲ್ಲಿದೆ. ಬಸ್ ಬೇರೆ ಫೈಲಿನಲ್ಲಿದೆ.

ಇದೇ ನನ್ನ ದೂರಿನ ಮುಖ್ಯ ಮಾತು. ಯಾವುದು ಯಾರದು ಅಂತ ನೋಡಿ. ಬಸ್ ಸ್ಟಾಪ್ ನಮ್ಮದು. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಣದ ಸಂಸ್ಥೆಗಳ 18 ಕೆಲಸದ ಪಟ್ಟಿ ಇದೆ, ಅದರಲ್ಲಿ ಬೀದಿ ದೀಪ, ಪಾರ್ಕಿಂಗ್ ಜಾಗ, ಬಸ್ ಸ್ಟಾಪ್ ಅಂತ ಸ್ಪಷ್ಟವಾಗಿ ಬರೆದಿದೆ. ಆದರೆ ಸರಕಾರಿ ಬಸ್ ಓಡಿಸುವುದು ಸಾರಿಗೆ ಸಂಸ್ಥೆ. ಖಾಸಗಿ ಬಸ್ಸಿನ ಪರ್ಮಿಟ್, ಟೈಮಿಂಗ್ಸ್ ಸಾರಿಗೆ ಪ್ರಾಧಿಕಾರದ ಕೈಯಲ್ಲಿ. ರಸ್ತೆ ಹೆದ್ದಾರಿಯಾದರೆ ಹೆದ್ದಾರಿಯವರದ್ದು, ಇಲ್ಲದಿದ್ದರೆ ಲೋಕೋಪಯೋಗಿ ಇಲಾಖೆಯದ್ದು. ಟ್ರಾಫಿಕ್ ಪೊಲೀಸರದ್ದು. ಪ್ರಯಾಣಿಕರು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ. ನಾವು ಸ್ಟಾಪ್ ಸರಿಸುವಾಗ ಬಸ್‌ನವರನ್ನು ಕೇಳಲಿಲ್ಲ. ಬಸ್‌ನವರು ಟ್ರಿಪ್ ಕಡಿತ ಮಾಡುವಾಗ ನಮಗೆ ಹೇಳಲಿಲ್ಲ. ನಾನು ವಾರ್ಡ್ ಸದಸ್ಯೆ, ನನ್ನ ವಾರ್ಡಿನ ಬಸ್ ನಿಂತಿದ್ದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ, ಅದೂ ಒಂದು ಹುಡುಗಿಯ ಬಾಯಿಂದ.

ಮೋಟಾರು ವಾಹನ ಕಾಯ್ದೆ 1988ರ 117ನೇ ಸೆಕ್ಷನ್ ಓದಿದೆ. ವಾಹನ ಎಲ್ಲಿ ನಿಲ್ಲಬೇಕು, ಸಾರ್ವಜನಿಕ ಬಸ್ ಎಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು ಅಂತ ಗೊತ್ತು ಮಾಡುವಾಗ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಬೇಕು ಅಂತ ಅಲ್ಲಿದೆ. ನಮ್ಮಲ್ಲಿ ಸಮಾಲೋಚನೆ ಅಂದರೆ ಒಂದು ಪತ್ರ ಬರುತ್ತದೆ, ಒಂದು ಪತ್ರ ಹೋಗುತ್ತದೆ, ಎರಡಕ್ಕೂ ಸೀಲ್ ಬೀಳುತ್ತದೆ. ಎರಡೂ ಕಡೆಯವರು ಒಟ್ಟಿಗೆ ಆ ಏರು ಹತ್ತಿ ನೋಡಿದ್ದು ಒಮ್ಮೆಯೂ ಇಲ್ಲ.

ನಮ್ಮ ಜಿಲ್ಲೆಗೆ ರೈಲಿಲ್ಲ. ಒಂದೇ ಒಂದು ಸ್ಟೇಷನ್ ಇಲ್ಲ. ಮೈಸೂರಿನಂಥ ಹೊರಗಿನ ಊರಿಗೆ ಹೋದರೆ ಮಾತ್ರ ರೈಲು. ಬೇರೆ ಜಿಲ್ಲೆಗಳಲ್ಲಿ ಬಸ್ ಇಲ್ಲದಿದ್ದರೆ ಇನ್ನೊಂದು ದಾರಿ ಇರಬಹುದು. ಇಲ್ಲಿ ಕಾರಿಲ್ಲದವರಿಗೆ ಬಸ್ಸೇ ಎಲ್ಲ. ಕುಟ್ಟದಿಂದ, ಶ್ರೀಮಂಗಲದಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಬರಬೇಕಾದರೆ, ನಾಪೋಕ್ಲುವಿನಿಂದ ಕಾಲೇಜಿಗೆ ಬರಬೇಕಾದರೆ, ತಾಲೂಕು ಕಚೇರಿಯಲ್ಲಿ ಜಮೀನಿನ ಒಂದು ಪಹಣಿ ತೆಗೆಸಬೇಕಾದರೆ ಬಸ್. ತಪ್ಪಿದರೆ ಆಟೋ. ಆಟೋದವರನ್ನು ನಾನು ದೂರುವುದಿಲ್ಲ, ವಾಪಸ್ ಬರುವಾಗ ಖಾಲಿ ಬರಬೇಕು ಅಂತ ಅವರು ಎರಡು ಕಡೆಯ ಬಾಡಿಗೆ ಕೇಳುತ್ತಾರೆ. ಆದರೆ ತೋಟದ ಕೆಲಸದ ಒಂದು ದಿನದ ಸಂಬಳದಲ್ಲಿ ಅರ್ಧ ಆಟೋಗೆ ಹೋದರೆ ಉಳಿಯುವುದು ಏನು?

ಶಕ್ತಿ ಯೋಜನೆಯ ಬಗ್ಗೆಯೂ ಒಂದು ಮಾತು. 2023ರ ಜೂನ್ 11ಕ್ಕೆ ಅದು ಶುರುವಾಯಿತು, ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟಿಗೆ ದುಡ್ಡಿಲ್ಲ. ಒಳ್ಳೆಯ ಯೋಜನೆ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ಅಕ್ಕತಂಗಿಯರಿಗೆ ಅದು ಸಿಗುತ್ತಿದೆ, ನನಗೆ ಸಂತೋಷ. ಆದರೆ ತೋಟದ ಒಳ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಆಗುವುದಿಲ್ಲ, ದುಡ್ಡು ಕೊಡಬೇಕು. ಯಾರಿಗೆ ಆ ಉಳಿತಾಯ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರ ದಾರಿಗೆ ಆ ಬಸ್ ಬರುವುದೇ ಇಲ್ಲ. ಒಬ್ಬ ಅಕ್ಕ ನನ್ನನ್ನು ಕೇಳಿದರು, "ಎಲ್ಲರಿಗೂ ಫ್ರೀ ಅಂತೀರಿ, ನಮಗೆ ಯಾಕಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಕಡೆಯ ಮಾತನ್ನೂ ನಾನು ಕೇಳಿದ್ದೇನೆ. ಡಿಪೋದಲ್ಲಿ ಹೇಳಿದರು, ಡ್ರೈವರ್ ಕಂಡಕ್ಟರ್ ಸಾಲದು, ಇರುವ ಗಾಡಿಯನ್ನು ಕಲೆಕ್ಷನ್ ಇರುವ ರೂಟಿಗೇ ಹಾಕಬೇಕು ಅಂತ. ಒಬ್ಬರು ಖಾಸಗಿ ಬಸ್ ಮಾಲೀಕರು ಲೆಕ್ಕದ ಪುಸ್ತಕವನ್ನೇ ತಂದು ತೋರಿಸಿದರು. ಡೀಸೆಲ್, ಟಯರ್, ಇನ್ಶೂರೆನ್ಸ್, ತ್ರೈಮಾಸಿಕ ತೆರಿಗೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಪ್ರಿಂಗ್ ಪ್ಲೇಟ್ ಕಟ್ ಆದರೆ ಎರಡು ದಿನ ಗಾಡಿ ನಿಲ್ಲುತ್ತದೆ. ಅವರ ಮಾತು ಸುಳ್ಳಲ್ಲ. ಅವರ ತಂದೆಯ ಕಾಲದಿಂದ ಇದೇ ರೂಟಿನಲ್ಲಿ ಬಸ್ ಓಡಿಸುತ್ತಿದ್ದಾರೆ, ಶಾಲೆ ಮಕ್ಕಳು ಲೇಟಾದರೆ ಎರಡು ನಿಮಿಷ ಕಾಯುವವರು ಅವರು. ಅಂಥವರು ಒಂದೊಂದೇ ಟ್ರಿಪ್ ಬಿಡುತ್ತಾ ಹೋದರೆ ನಷ್ಟ ಅವರೊಬ್ಬರದಲ್ಲ. ಆದ್ದರಿಂದ ನಾನು "ಎಲ್ಲ ಟ್ರಿಪ್ ವಾಪಸ್ ಕೊಡಿ" ಅಂತ ಕೇಳುತ್ತಿಲ್ಲ. ಯಾವುದು ನಿಂತರೆ ಜನರ ಜೀವಕ್ಕೆ, ಓದಿಗೆ, ಆಸ್ಪತ್ರೆಗೆ ತೊಂದರೆಯೋ ಅದನ್ನು ಒಟ್ಟಿಗೆ ಕೂತು ಗುರುತಿಸೋಣ ಅಂತ ಕೇಳುತ್ತಿದ್ದೇನೆ.

ಟ್ರಾಫಿಕ್ ಜಾಮ್ ವಿಷಯವೂ ನಿಜ. ವಾರದ ಕೊನೆಯಲ್ಲಿ ಪ್ರವಾಸಿಗರ ಕಾರು ಬಂದರೆ ನಮ್ಮ ಇಕ್ಕಟ್ಟಿನ ರಸ್ತೆ ಉಸಿರಾಡುವುದಿಲ್ಲ. ಪ್ರವಾಸಿಗರು ಬೇಡ ಅಂತ ನಾನು ಹೇಳುವುದಿಲ್ಲ, ನನ್ನ ವಾರ್ಡಿನಲ್ಲೇ ಹೋಂ ಸ್ಟೇ ನಡೆಸಿ ಮಕ್ಕಳನ್ನು ಓದಿಸುತ್ತಿರುವವರಿದ್ದಾರೆ. ಆದರೆ ಲೆಕ್ಕ ಮಾಡಿ ನೋಡಿ. ಒಂದು ಬಸ್ಸಿನ ಉದ್ದ ಸುಮಾರು 11 ಮೀಟರ್. ಅಷ್ಟು ಜಾಗದಲ್ಲಿ ರಸ್ತೆ ಬದಿಗೆ ಎರಡು ಕಾರು ನಿಲ್ಲಬಹುದು. ಬಸ್ ಎರಡು ನಿಮಿಷ ನಿಂತು 50 ಜನರನ್ನು ಕರೆದುಕೊಂಡು ಹೋಗುತ್ತದೆ. ಆ ಎರಡು ಕಾರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇರುತ್ತವೆ. ನಾವು ಬಸ್ಸನ್ನು ಕಳಿಸಿ ಕಾರನ್ನು ಉಳಿಸಿಕೊಂಡೆವು. ಈಗ ಮಾರ್ಕೆಟ್ ಎದುರು ಜಾಮ್ ನಿಂತಿದೆಯಾ? ಇಲ್ಲ. ಬಸ್ ಇದ್ದ ಜಾಗಕ್ಕೂ ಕಾರು ಬಂದಿದೆ, ಅಷ್ಟೇ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಕ್ಕಿಂತ ಜನ ಓಡಾಡುವುದು ಮುಖ್ಯ ಅಂತ ಹೇಳುತ್ತದೆ. ಅದನ್ನು ಬರೆದವರು ನಮ್ಮ ಮಾರ್ಕೆಟ್ ರಸ್ತೆ ನೋಡಿಲ್ಲ, ಆದರೂ ಅದು ನಮಗೂ ಸರಿಯಾಗಿ ಒಪ್ಪುತ್ತದೆ.

ಒಟ್ಟಿಗೆ ಕೂತರೆ ಆಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಎಷ್ಟು ಜನ ಸೇರುತ್ತಾರೆ! ಆವತ್ತು ಭಾಗಮಂಡಲದಿಂದ ಮೇಲಿನ 8 ಕಿಲೋಮೀಟರ್‌ಗೆ ವಿಶೇಷ ಬಸ್ ಹಾಕುತ್ತಾರೆ. ಪೊಲೀಸರು, ಸಾರಿಗೆಯವರು, ಪಂಚಾಯಿತಿ, ಜಿಲ್ಲಾಡಳಿತ ಎಲ್ಲರೂ ಮೊದಲೇ ಸಭೆ ಸೇರಿ ಯಾರ ಕೆಲಸ ಯಾವುದು ಅಂತ ಹಂಚಿಕೊಳ್ಳುತ್ತಾರೆ. ಮಡಿಕೇರಿ ದಸರಾದ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ ಹೊರಡುವಾಗ ಇಡೀ ಊರಿನ ವಾಹನ ಸಂಚಾರವನ್ನೇ ಬದಲಾಯಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜೋಡುಪಾಲದ ಕಡೆ ಮಂಗಳೂರು ರಸ್ತೆ ಬಂದ್ ಆದಾಗ, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಜನರನ್ನು ಹೊರಗೆ ತರಬೇಕಾದಾಗ, ಯಾರ ರಸ್ತೆ, ಯಾರ ಗಾಡಿ ಅಂತ ಯಾರೂ ಕೇಳಲಿಲ್ಲ. ಜೀಪ್ ಇದ್ದವರು ಜೀಪ್ ತಂದರು. ಆಗ ಆಗಿದ್ದು ಒಂದು ಮಾಮೂಲಿ ಬುಧವಾರದ ಸಂಜೆಗೆ ಯಾಕೆ ಆಗಬಾರದು?

ಹಾಗಾಗಿ ನನ್ನ ಬೇಡಿಕೆ ಇಷ್ಟು.

ಮೊದಲು ನನ್ನ ಕೌನ್ಸಿಲ್‌ನ ಸ್ನೇಹಿತರಿಗೆ. ಮುಂದಿನ ಸಾಮಾನ್ಯ ಸಭೆಗೆ ನಾನು ಲಿಖಿತವಾಗಿ ವಿಷಯ ಕೊಟ್ಟಿದ್ದೇನೆ, ಮುಖ್ಯ ಅಜೆಂಡಾದಲ್ಲೇ ಸೇರಿಸಿ ಅಂತ. ಬೆಳಿಗ್ಗೆ ಶಾಲೆ, ಆಫೀಸ್ ಹೊತ್ತಿಗೆ, ಸಂಜೆ ಮೂರೂವರೆಯಿಂದ ಕೊನೆಯ ಬಸ್ಸಿನವರೆಗೆ ಮತ್ತು ಸಂತೆಯ ದಿನ ಪೂರ್ತಿ ಬಸ್ ಮತ್ತೆ ಮಾರ್ಕೆಟ್ ಎದುರು ನಿಲ್ಲಬೇಕು. ಅಲ್ಲಿ ಎರಡು ಬಸ್ಸಿನಷ್ಟು ಜಾಗದಲ್ಲಿ ಕಾರು ನಿಲ್ಲಿಸಬಾರದು. ಮೇಲಿನ ಮೈದಾನದ ಹತ್ತಿರ ಹೊರಗಿನಿಂದ ಬಂದ ಕಾರು ನಿಲ್ಲಲಿ. ಸುತ್ತಾಡಲು ಬಂದವರಿಗೆ ಇಳಿಜಾರಿನಲ್ಲಿ ನಡೆದು ಮಾರ್ಕೆಟ್‌ಗೆ ಬರುವುದು ಕಷ್ಟ ಅಲ್ಲ, ಅಕ್ಕಿ ಹೊತ್ತ ಅಜ್ಜಿಗೆ ಏರು ಹತ್ತುವುದು ಕಷ್ಟ. ಪಾರ್ಕಿಂಗ್ ಹರಾಜಿನಿಂದ ಬರುವ ದುಡ್ಡನ್ನು ಬೇರೆ ಕಡೆಗೆ ಹಾಕದೆ ಮೊದಲು ಆ ರಸ್ತೆಯ ಫುಟ್‌ಪಾತ್‌ಗೆ, ತಂಗುದಾಣಕ್ಕೆ ಹಾಕೋಣ. ತಂಗುದಾಣಕ್ಕೆ ಮೂರು ಕಡೆ ಗೋಡೆ ಬೇಕು, ಮಾಡು ಕೆಳಗೆ ಬರಬೇಕು, ಒಂದು ಲೈಟ್ ಬೇಕು, ಗಾಲಿಕುರ್ಚಿ ಹತ್ತುವ ಹಾಗೆ ಇಳಿಜಾರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ ನಿಲ್ದಾಣದಲ್ಲಿ ಈ ಅನುಕೂಲ ಇರಲೇಬೇಕು ಅನ್ನುತ್ತದೆ. ನಾವು ಕಟ್ಟಿದ್ದರಲ್ಲಿ ಒಂದು ಅಡಿ ಎತ್ತರದ ಮೆಟ್ಟಿಲಿದೆ.

ಸಾರಿಗೆ ಅಧಿಕಾರಿಗಳಿಗೆ, ಸಾರಿಗೆ ಸಂಸ್ಥೆ ಮತ್ತು ಸಾರಿಗೆ ಪ್ರಾಧಿಕಾರ ಎರಡು ಕಡೆಯವರಿಗೂ. ಒಂದು ಟ್ರಿಪ್ ನಿಲ್ಲಿಸುವ ಮೊದಲು ಕನಿಷ್ಠ ಒಂದು ತಿಂಗಳು ಮುಂಚೆ ಆ ಊರಿನ ಪಂಚಾಯಿತಿಗೆ, ಪಟ್ಟಣದ ಸಂಸ್ಥೆಗೆ ಬರೆದು ತಿಳಿಸಿ, ಸ್ಟಾಪಿನಲ್ಲಿ ನೋಟಿಸ್ ಅಂಟಿಸಿ. ಟೈಮ್ ಬೋರ್ಡಿಗೆ ಬೇಕಾದ ಪಟ್ಟಿ ಕೊಡಿ, ಬರೆಸುವ ಖರ್ಚು ನಾವು ನೋಡಿಕೊಳ್ಳುತ್ತೇವೆ. ಆನೆ ಓಡಾಡುವ ರೂಟುಗಳಲ್ಲಿ ಕೊನೆಯ ಬಸ್ ಕತ್ತಲೆಗೆ ಮೊದಲು ಕೊನೆಯ ಸ್ಟೇಜ್ ಮುಟ್ಟಬೇಕು, ಇದನ್ನು ಅರಣ್ಯ ಇಲಾಖೆಯವರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ. ಯಾವ ರೂಟಿನಲ್ಲಿ ಖಾಸಗಿಯವರು ಟ್ರಿಪ್ ಬಿಟ್ಟಿದ್ದಾರೋ ಅಲ್ಲಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಸರಕಾರಿ ಬಸ್ ಹಾಕಿ. ಮೊದಲು ನಮ್ಮ ಹಳ್ಳಿಗಳಲ್ಲಿ ಹಾಲ್ಟ್ ಬಸ್ ಇತ್ತು. ರಾತ್ರಿ ಕೊನೆಯ ಟ್ರಿಪ್ ಹೋಗಿ ಹಳ್ಳಿಯಲ್ಲೇ ನಿಂತು, ಬೆಳಿಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುತ್ತಿತ್ತು. ಡ್ರೈವರ್ ಕಂಡಕ್ಟರ್‌ಗೆ ಊರವರೇ ಊಟ ಹಾಕುತ್ತಿದ್ದರು. ನಮ್ಮಪ್ಪ ಆಸ್ಪತ್ರೆಗೆ ಹೋಗಿದ್ದು, ನಾನು ಪಿಯುಸಿ ಓದಿದ್ದು ಆ ಬಸ್ಸಿನಿಂದ. ಅದರಲ್ಲಿ ಎರಡು ಬಸ್ಸಾದರೂ ವಾಪಸ್ ಬರಲಿ. ಮಲಗಲು ಒಂದು ಶುಚಿಯಾದ ಕೋಣೆ, ಬಿಸಿ ನೀರು ಕೊಡುವುದು ಪಂಚಾಯಿತಿಗೆ ದೊಡ್ಡ ಮಾತಲ್ಲ, ನಾನೇ ಹೋಗಿ ಮಾತಾಡುತ್ತೇನೆ.

ಟೈಮ್ ಮಾಡುವಾಗ ಸಂತೆ ನೋಡಿ ಮಾಡಿ. ಶುಕ್ರವಾರ ಮಡಿಕೇರಿ ಸಂತೆ, ಬುಧವಾರ ವಿರಾಜಪೇಟೆ ಸಂತೆ, ಶನಿವಾರ ಎಲ್ಲಿ ಅಂತ ಶನಿವಾರಸಂತೆ ಅನ್ನುವ ಊರಿನ ಹೆಸರೇ ಹೇಳುತ್ತದೆ. ಆ ದಿನಗಳಲ್ಲಿ ಬಸ್ಸಿನ ಬಾಗಿಲಲ್ಲಿ ಜನ ನೇತಾಡುತ್ತಾರೆ, ಮರುದಿನ ಅದೇ ಬಸ್ ಅರ್ಧ ಖಾಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಆಗ ಜನ ಪಿಕಪ್‌ಗಳಲ್ಲಿ ತುಂಬಿಕೊಂಡು ಹೋಗುತ್ತಾರೆ, ಅಪಘಾತ ಆದಾಗ ಮಾತ್ರ ನಮಗೆ ಲೆಕ್ಕ ಸಿಗುತ್ತದೆ. ನಮ್ಮ ವರ್ಷ ಹೇಗೆ ತಿರುಗುತ್ತದೆ ಅಂತ ಇಲ್ಲಿನ ಕಂಡಕ್ಟರ್‌ಗಳಿಗೆ ಚೆನ್ನಾಗಿ ಗೊತ್ತು. ಟೈಮ್ ಟೇಬಲ್ ಮಾಡುವ ಮೇಜಿನ ಹತ್ತಿರ ಅವರಲ್ಲಿ ಇಬ್ಬರನ್ನು ಕೂರಿಸಿ.

ಜಿಲ್ಲಾಡಳಿತಕ್ಕೆ ಒಂದೇ ಕೋರಿಕೆ. ಮೂರು ತಿಂಗಳಿಗೆ ಒಮ್ಮೆ ಈ ಎಲ್ಲರನ್ನೂ ಒಂದೇ ಕೋಣೆಗೆ ಕರೆಯಿರಿ. ಪ್ರತಿ ಪಟ್ಟಣದಿಂದ ಒಬ್ಬ ಸದಸ್ಯರು, ದಿನಾ ಬಸ್ ಹತ್ತುವ ಒಬ್ಬರು ಕಾರ್ಮಿಕರು, ಒಬ್ಬ ವಿದ್ಯಾರ್ಥಿ ಇರಲಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಿ, ಸಂಜೆ ನಾಲ್ಕಕ್ಕೆ ಇಟ್ಟರೆ ಅವರಿಗೆ ವಾಪಸ್ ಬಸ್ ಸಿಗುವುದಿಲ್ಲ.

ಊರಿನ ಅಂಗಡಿಯವರಿಗೂ ಒಂದು ಮಾತು. ಬಸ್ ಮೇಲೆ ಹೋದ ಮೇಲೆ ನಿಮ್ಮ ವ್ಯಾಪಾರ ಇಳಿದಿದೆ ಅಂತ ನಿಮ್ಮಲ್ಲಿ ಹಲವರು ನನಗೆ ಹೇಳಿದ್ದೀರಿ. ತರಕಾರಿ ಅಂಗಡಿಯ ಅಣ್ಣ, ಔಷಧಿ ಅಂಗಡಿಯವರು, ಬೇಕರಿಯವರು. ಬಸ್ ಇಳಿದವರು ನಿಮ್ಮ ಅಂಗಡಿಗೆ ಬರುತ್ತಿದ್ದರು, ಕಾರಿನವರು ಮುಂದಕ್ಕೆ ಹೋಗುತ್ತಾರೆ. ಅದನ್ನು ನನ್ನ ಕಿವಿಯಲ್ಲಿ ಹೇಳಿದರೆ ಸಾಲದು. ಸಭೆಗೆ ಮೊದಲು ಬರೆದು, ಸಹಿ ಮಾಡಿ ಕೊಡಿ. ನಿಮ್ಮ ಅಂಗಡಿ ಎದುರು ನಿಮ್ಮದೇ ಬೈಕು, ಗೂಡ್ಸ್ ಆಟೋ ದಿನವಿಡೀ ನಿಲ್ಲಿಸುವುದನ್ನೂ ಬಿಡಿ, ದಯವಿಟ್ಟು.

ಈ ಪತ್ರ ಓದಿ ಕೆಲವರಿಗೆ ಕೋಪ ಬರಬಹುದು. ಒಬ್ಬರು ಹಿರಿಯ ಸದಸ್ಯರು ಆಗಲೇ ಕೇಳಿದ್ದಾರೆ, "ನೀನೇ ಕೈ ಎತ್ತಿದ್ದಲ್ಲಮ್ಮಾ, ಈಗ ನಮ್ಮನ್ನೆಲ್ಲ ಬೀದಿಗೆ ಎಳೀತೀಯಾ?" ಅಂತ. ಅಣ್ಣಾ, ನಾನು ಎಳೆಯುತ್ತಿಲ್ಲ. ಬನ್ನಿ ಅಂತ ಕರೆಯುತ್ತಿದ್ದೇನೆ. ಮುಂದಿನ ಸಭೆ ಬರುವವರೆಗೆ ಪ್ರತಿ ಶುಕ್ರವಾರ ಸಂಜೆ ನಾಲ್ಕರಿಂದ ಕೊನೆಯ ಬಸ್ ಹೋಗುವ ತನಕ ನಾನು ಆ ಮೇಲಿನ ಸ್ಟಾಪಿನಲ್ಲಿ ಇರುತ್ತೇನೆ. ಅಧಿಕಾರಿಗಳು ಬರಲಿ, ಸದಸ್ಯರು ಬರಲಿ, ಬಸ್ ಮಾಲೀಕರು ಬರಲಿ. ಕಾರನ್ನು ಮಾರ್ಕೆಟ್‌ನಲ್ಲೇ ಬಿಟ್ಟು ನಡೆದುಕೊಂಡು ಬನ್ನಿ. ಕೊಡೆ ತನ್ನಿ.

ಇತಿ ನಿಮ್ಮ,
ಒಬ್ಬ ವಾರ್ಡ್ ಸದಸ್ಯೆ,
ಕೊಡಗು